ಪರೀಕ್ಷೆ ಮಾಡಿದ ಗಾಳಿ

“ಶನಿವಾರ ಸಂಜೆ ಬೀದಿ ದೀಪ ಹತ್ತೋದರೊಳಗೆ ಕೆರೆ ಮೀನೊಂದನ್ನ ನಿನ್ನ ಕೈಲಿಡದೆ ಹೋದ್ರೆ, ನಾನು ಮೂವತ್ತನಾಲ್ಕು ವರ್ಷ ಲಿಫ್ಟು ನಡೆಸಿದವನೇ ಅಲ್ಲ!” ಎಂದು ಲಿಫ್ಟಣ್ಣ ಗುಡುಗಿದ.

ಗುಡುಗಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತುಕೊಂಡು. ಪಾತ್ರೆ ತೊಳೆಯುತ್ತಿದ್ದ ಹೆಂಡತಿ ತಿರುಗಿಯೂ ನೋಡಲಿಲ್ಲ.

“ಮೀನು ಆಮೇಲೆ. ಮೊದಲು ಬಾಗಿಲು ಬಿಡಿ, ಗಾಳಿ ಬರ್ಲಿ,” ಅಂದಳು.

ಲಿಫ್ಟಣ್ಣ ಕೆಲಸ ಬಿಟ್ಟು ಮೂರು ತಿಂಗಳಾಗಿತ್ತು. ಬಿಟ್ಟಿದ್ದು ಎನ್ನುವುದಕ್ಕಿಂತ ವಯಸ್ಸಾಯ್ತು ಅಂತ ಬಿಡಿಸಿದ್ದು. ಕೆಳಬೀದಿಯ ಒಂಬತ್ತಂತಸ್ತಿನ ಕಟ್ಟಡದಲ್ಲಿ ಮೂವತ್ತನಾಲ್ಕು ವರ್ಷ ಹತ್ತಿ ಇಳಿದು, ಇಳಿದು ಹತ್ತಿ, ಅಷ್ಟೂ ದಾರಿಯನ್ನು ಒಂದರ ಮೇಲೊಂದು ಪೇರಿಸಿದ್ದರೆ ಆಕಾಶಕ್ಕೆ ಏಣಿಯಾಗುತ್ತಿತ್ತು. ಆದರೆ ಕಟ್ಟಡದ ಬೆನ್ನಿಗೇ ಇದ್ದ ಕೆರೆಯ ದಡಕ್ಕೆ ಮಾತ್ರ ಪುಣ್ಯಾತ್ಮ ಒಂದು ದಿನವೂ ಹೋಗಿರಲಿಲ್ಲ! ಒಂಬತ್ತನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದರೆ ಎದುರಿನ ಕಿಟಕಿಯಲ್ಲಿ ಹೆಬ್ಬೆರಳಿನಷ್ಟು ನೀರು ಹೊಳೆಯುತ್ತಿತ್ತು. ಬಾಗಿಲು ತೆರೆದು ಮುಚ್ಚುವಷ್ಟು ಹೊತ್ತು ನೋಡುವುದು, ಮತ್ತೆ ಕೆಳಗಿಳಿಯುವುದು. ಹೀಗೆ ಚೂರುಚೂರಾಗಿ ಕದ್ದು ಕೂಡಿಟ್ಟ ಕೆರೆ ಅವನ ತಲೆಯೊಳಗೆ ಸಮುದ್ರವಾಗಿ ಹೋಗಿತ್ತು. ಮೇಲೂ ಹೋಗದೆ, ಕೆಳಗೂ ಬಾರದೆ, ನೀರಿನ ಮೇಲೆ ಸುಮ್ಮನೆ ಮಲಗಿರಬೇಕು ಅನ್ನುವುದೊಂದೇ ಆಸೆ.

ಹೆಂಡತಿಯ ಆಸೆ ಬೇರೆ ಇತ್ತು. ಈತ ಮನೆಯಿಂದ ಹೊರಗೆ ಹೋದರೆ ಸಾಕು! ಯಾಕೆನ್ನಿ, ಲಿಫ್ಟು ಬಿಟ್ಟರೂ ಲಿಫ್ಟಿನ ಬಾಯಿ ಬಿಡಬೇಕಲ್ಲ? ಅವಳು ಒಲೆ ಮುಂದೆ ಹೋದರೆ “ಅಡುಗೆಮನೆ! ಇಳಿಯೋರು ಇಳೀರಿ!” ಬಚ್ಚಲ ಬಾಗಿಲು ತಟ್ಟಿದರೆ ಒಳಗಿನಿಂದ “ತುಂಬಿದೆ, ಮುಂದಿನ ಸರದಿಗೆ ಬನ್ನಿ!” ಬಂದ ನೆಂಟರನ್ನು ಮೇಲಿಂದ ಕೆಳಗೆ ನೋಡಿ, “ನೀವು ಎಪ್ಪತ್ತೊಂದು ಕಿಲೋ, ಗೋಡೆ ಕಡೆ ಸರೀರಿ.” ನೆಂಟರು ಬರುವುದನ್ನೇ ಬಿಟ್ಟರು.

ಅದಕ್ಕೇ ಅವಳು ತನ್ನ ಅಕ್ಕನ ಗಂಡನಿಗೆ, ಅಂದರೆ ಲಿಫ್ಟಣ್ಣನ ಷಡ್ಡಕನಿಗೆ, ಒಂದು ಮಾತು ಹಾಕಿದ್ದಳು. ಷಡ್ಡಕನ ಗೋದಾಮಿಗೆ ಕಾವಲಿಗೆ ಒಬ್ಬರು ಬೇಕಿತ್ತು. “ಕುರ್ಚಿ ಇದೆ, ಫ್ಯಾನಿದೆ. ನೆಲಮಾಳಿಗೆ ನೋಡು, ಕಿಟಕಿ ಒಂದಿಲ್ಲ ಅಷ್ಟೆ. ಅವರಿಗೇನು, ಡಬ್ಬದೊಳಗೆ ಇದ್ದು ಅಭ್ಯಾಸ!” ಅಂದಿದ್ದ ಆ ಮಹಾನುಭಾವ.

ಕಿಟಕಿ ಇಲ್ಲ ಅಂದ ತಕ್ಷಣ ಲಿಫ್ಟಣ್ಣನ ಎದೆಯಲ್ಲಿ ಹಗ್ಗ ಕಡಿದು ಹೋದಂತಾಯಿತು. ಆಗ ಬಂದದ್ದೇ ಆ ಗುಡುಗು.

“ಮೀನು ಹಿಡಿದು ಮನೆ ನಡೆಸ್ತೀನಿ ಕಣೇ! ತೆಪ್ಪ ಕೊಳ್ತೀನಿ!”

ಹೆಂಡತಿ ಕೈ ಒರೆಸಿಕೊಂಡು ತಿರುಗಿದಳು. “ಸರಿ. ಬೀದಿ ದೀಪ ಹತ್ತೋದರೊಳಗೆ ಒಂದೇ ಒಂದು ಮೀನು ನನ್ನ ಕೈಲಿಡಿ. ಗೋದಾಮಿನ ಸುದ್ದಿ ಎತ್ತಲ್ಲ. ಇಲ್ಲಾ ಅಂದ್ರೆ ಸೋಮವಾರ ಬೆಳಗ್ಗೆ ಡಬ್ಬಿ ಕಟ್ತೀನಿ, ತೆಪ್ಪಗೆ ಹೋಗ್ಬೇಕು.”

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಮುಂಚೆಯೇ ಇಬ್ಬರೂ ಕೆಳಬೀದಿಯ ಅಂಗಡಿಯಲ್ಲಿದ್ದರು. ಅಂಗಡಿಯವನು ಕಡ್ಡಿಯಂಥ ಮನುಷ್ಯ. ಗಾಳಿ ತುಂಬುವ ತೆಪ್ಪಗಳಲ್ಲಿ ಅವನ ಹತ್ತಿರ ಹಸಿರು, ನೀಲಿ, ಹಳದಿ ಮೂರಿದ್ದವು.

“ಇದಕ್ಕೆ ಎಷ್ಟು ಜನ? ಎಷ್ಟು ಕಿಲೋ? ಕಡೇ ಸಲ ತಪಾಸಣೆ ಮಾಡಿದ್ದು ಯಾರು?” ಲಿಫ್ಟಣ್ಣ ಕೈ ಹಿಂದೆ ಕಟ್ಟಿಕೊಂಡು ಕೇಳಿದ.

“ಯಜಮಾನ್ರೇ, ಇದು ತೆಪ್ಪ, ಲಿಫ್ಟಲ್ಲ. ಇಬ್ಬರು ಕೂರಬಹುದು. ನೂರ ಅರುವತ್ತು ಕಿಲೋ ತಡೆಯುತ್ತೆ.”

“ನೀವು ಐವತ್ತೇಳು ಕಿಲೋ.”

“ಐವತ್ತೆಂಟು!” ಅಂಗಡಿಯವನಿಗೆ ಆಶ್ಚರ್ಯ.

“ಅದು ಊಟ ಆದ ಮೇಲೆ. ನಾನು ಎಪ್ಪತ್ತಾರು. ಇನ್ನು ಇವಳು...” ಎಂದು ಹೆಂಡತಿಯ ಕಡೆ ತಿರುಗಿದ. ಹೆಂಡತಿ ನೋಡಿದ ನೋಟಕ್ಕೆ ಕಣ್ಣನ್ನು ಹಾಗೇ ಎತ್ತಿ ಮಾಳಿಗೆಯ ಮೇಲಿಟ್ಟ. “ಇವಳು ಲೆಕ್ಕಕ್ಕಿಲ್ಲ, ಬಿಡಿ.”

ಹಳದಿಯದನ್ನು ಆರಿಸಿದ. ಅಂಗಡಿಯವನು ಕಾಲಲ್ಲಿ ತುಳಿಯುವ ಪಂಪಿಟ್ಟು ಗಾಳಿ ತುಂಬಿದ. ಆಳುದ್ದದ ತೆಪ್ಪ ಉಬ್ಬಿ, ಬಲಿತ ಕುಂಬಳಕಾಯಿಯ ಹಾಗೆ ಅಂಗಡಿ ತುಂಬ ಕೂತಿತು.

“ಭಾರ ಹೇರಿ ನೋಡದೆ ನಾನು ಏನನ್ನೂ ನಂಬಲ್ಲ,” ಎಂದ ಲಿಫ್ಟಣ್ಣ ಚಪ್ಪಲಿ ಬಿಟ್ಟು ಹತ್ತಿ ಮಲಗಿಯೇಬಿಟ್ಟ. ಮೈ ಒಂದು ಸಲ ತೂಗಿತು, ಇನ್ನೊಂದು ಸಲ ತೂಗಿತು. ಮೂರನೆಯದಕ್ಕೆ ಗೊರಕೆ!

ಕನಸಿನಲ್ಲಿ ಒಂಬತ್ತನೇ ಮಹಡಿ ಬಂತು. ಬಾಗಿಲು ತೆರೆಯಿತು. ಕಿಟಕಿ ಇರಲಿಲ್ಲ, ಗೋಡೆ ಇರಲಿಲ್ಲ, ಹೊಸಿಲವರೆಗೂ ನೀರು ಬಂದು ನಿಂತಿತ್ತು. ಗುಂಡಿ ಒತ್ತಿದರೂ ಬಾಗಿಲು ಮುಚ್ಚಲೇ ಇಲ್ಲ. ದೂರದಲ್ಲಿ ನೀರು ಗುಳುಗುಳು ಮಾತಾಡುತ್ತಿತ್ತು.

ಮಾತಾಡುತ್ತಿದ್ದುದು ನೀರಲ್ಲ, ಹೆಂಡತಿ. ಅವನಿಗೆ ಗುಳುಗುಳು ಅಂತ ಕೇಳಿದ್ದನ್ನು ನಾವಾದರೂ ಸರಿಯಾಗಿ ಕೇಳಿಸಿಕೊಳ್ಳೋಣ.

“ಈ ಗಾಳ ಕೆರೆ ಮೀನಿಗೆ ದೊಡ್ಡದಾಯ್ತಪ್ಪ, ಇದರ ಅರ್ಧದ್ದು ಕೊಡಿ,” ಎಂದು ಅವಳು ಕೊಕ್ಕೆಯ ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡುತ್ತಿದ್ದಳು.

“ನಿಮಗೆ ಇದೆಲ್ಲ ಗೊತ್ತೇನಮ್ಮ?” ಅಂಗಡಿಯವನು ಊಟದ ಡಬ್ಬಿ ಬಿಚ್ಚುತ್ತಾ ಕೇಳಿದ.

“ಅಮ್ಮ ಹೊಳೇಲಿ ಬಟ್ಟೆ ಒಗೆಯೋಳು. ಅವಳು ಒಗೆದು ಹಿಂಡೋದರೊಳಗೆ ನಾನು ದಡದಲ್ಲಿ ಕೂತು ಸಂಜೆಗೆ ಆಗೋಷ್ಟು ಹಿಡೀತಿದ್ದೆ.”

“ಯಜಮಾನ್ರಿಗೆ ಹೇಳಿಲ್ವಾ?”

“ಅವರು ಕೇಳಿಲ್ವಲ್ಲ.”

ಲಿಫ್ಟಣ್ಣ ಎದ್ದಾಗ ಮೂರು ಗಂಟೆ! ಎದ್ದವನೇ ತೆಪ್ಪದ ಬೆನ್ನು ತಟ್ಟಿ “ಪಾಸ್!” ಎಂದು ಘೋಷಿಸಿದ. ಅಂಗಡಿಯವನು ಸಂತೋಷದಿಂದ ಬಗ್ಗಿ, ಗಾಳಿ ಬಿಟ್ಟು ಮಡಿಚಿ ಕೊಡೋಣವೆಂದು ಬಿರಡೆಗೆ ಕೈ ಹಾಕಿದ.

“ಮುಟ್ಟಬೇಡಿ!”

ಅಂಗಡಿಯವನು ಹೆದರಿ ಹಿಂದೆ ಸರಿದ.

“ಮೂವತ್ತನಾಲ್ಕು ವರ್ಷದಲ್ಲಿ ನಾನು ಕಲಿತದ್ದು ಇದು. ತಪಾಸಣೆ ಆದ ಮೇಲೆ ಒಂದು ಮೊಳೆ ಅಲ್ಲಾಡಿಸಿದರೂ ಮತ್ತೆ ಮೊದಲಿಂದ ತಪಾಸಣೆ! ಈ ಗಾಳಿ ಮೂರು ಗಂಟೆ ಹೊತ್ತು ನನ್ನ ಭಾರ ಹೊತ್ತಿದೆ. ಇದು ಪರೀಕ್ಷೆ ಮಾಡಿದ ಗಾಳಿ! ಇದನ್ನ ಬಿಟ್ಟು ಕೆರೆ ದಡದ ಯಾವುದೋ ಗುರುತಿಲ್ಲದ ಗಾಳಿ ತುಂಬಿ ನೀರಿಗಿಳೀಲಾ?”

“ಯಜಮಾನ್ರೇ, ಗಾಳಿಗೆ ಗುರುತು ಎಲ್ಲಿಂದ ತರೋದು?”

“ಅದಕ್ಕೇ ಹೇಳಿದ್ದು, ಗುರುತಿರೋದನ್ನ ಬಿಡಬಾರದು.”

“ತೆಪ್ಪದ ಜೊತೆ ಪಂಪು ಪುಕ್ಕಟೆ, ಅದನ್ನಾದ್ರೂ ತಗೊಂಡು ಹೋಗಿ.”

“ಗಾಳಿ ಇದೆಯಲ್ಲ, ಪಂಪ್ಯಾಕೆ?”

ಅಂಗಡಿಯವನು ಹೆಂಡತಿಯ ಮುಖ ನೋಡಿದ. ಅವಳು ತನ್ನ ದೊಡ್ಡ ಬಟ್ಟೆಚೀಲದ ಬಾಯಿ ಅಗಲ ಮಾಡಿದಳು. ಪಂಪು ಅದರೊಳಗೆ ಹೋಯಿತು.

ಈಗ ಸಾಗಿಸುವ ಮಾತು. ಮೊದಲು ಬಸ್ಸು. ಕಂಡಕ್ಟರು ಬಾಗಿಲಲ್ಲಿ ನಿಂತು ತೆಪ್ಪವನ್ನೂ ಬಾಗಿಲನ್ನೂ ಮೂರು ಸಲ ನೋಡಿದ.

“ಅಣ್ಣಾ, ಇದನ್ನ ಒಳಗೆ ಹಾಕಬಹುದು. ಆದ್ರೆ ಬಸ್ಸನ್ನ ಹೊರಗೆ ತೆಗೀಬೇಕಾಗುತ್ತೆ. ರೈಟ್!”

ಬಸ್ಸು ಹೋಯಿತು. ಲಿಫ್ಟಣ್ಣ ತೆಪ್ಪವನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತ. ಸೊಂಟದವರೆಗೂ ತೆಪ್ಪ, ಅದರ ಕೆಳಗೆ ಎರಡು ಕಾಲು. ಬೀದಿಯಲ್ಲಿ ದೊಡ್ಡದೊಂದು ಹಳದಿ ಆಮೆ ಎದ್ದು ನಡೆದ ಹಾಗೆ! ಹೆಂಡತಿ ಗಾಳದ ಕೋಲನ್ನೂ ಹುಟ್ಟುಗಳನ್ನೂ ಹಿಡಿದು ಮುಂದೆ ನಡೆದಳು.

“ಎಡಕ್ಕೆ ಬನ್ನಿ... ಎಡಕ್ಕೆ ಅಂದೆ! ಅದು ಔಷಧಿ ಅಂಗಡಿ!”

ಆದರೆ ತೆಪ್ಪದೊಳಗಿನ ಲೋಕವೇ ಬೇರೆ. ಬಿಸಿಲು ಹಳದಿ ಪ್ಲಾಸ್ಟಿಕ್ಕಿನಿಂದ ಸೋಸಿ ಇಳಿದು ಅವನ ಕೈ, ಅಂಗಿ, ಕಾಲ್ಬೆರಳು ಎಲ್ಲವನ್ನೂ ಚಿನ್ನ ಮಾಡಿತ್ತು. ತಲೆ ಮೇಲೆ ತನ್ನದೇ ಒಂದು ಸಣ್ಣ ಆಕಾಶ, ಕಾಲ ಕೆಳಗೆ ತನ್ನದೇ ಎರಡು ಗೇಣು ಬೀದಿ. ಹಾರನ್ನು, ಜಗಳ, ಬೈಗುಳ ಎಲ್ಲ ನೀರಿನಡಿ ಕೇಳಿದ ಹಾಗೆ ದೂರ. ಆಗಾಗ ಗಾಳಿ ಬೀಸಿ ತೆಪ್ಪ ಎತ್ತುತ್ತಿತ್ತು, ಜೊತೆಗೆ ಇವನ ಹಿಮ್ಮಡಿಯೂ ನೆಲ ಬಿಡುತ್ತಿತ್ತು. “ತೇಲ್ತಾ ಇದ್ದೀನಿ ಕಣೇ!” ಎಂದು ಒಳಗಿನಿಂದಲೇ ಕೂಗಿದ.

“ತೇಲಿದ್ದು ಸಾಕು, ಆ ತಾಯಿ ಹೂವಿನ ಕುಂಡದ ಮೇಲಿಂದ ಕಾಲು ತೆಗೀರಿ!” ಎಂದಳು ಹೆಂಡತಿ.

ಬಿಸಿಲಿಗೆ ಒಳಗಿನ ಗಾಳಿ ಕಾದು ತೆಪ್ಪ ಇನ್ನೂ ಉಬ್ಬಿತ್ತು. ಕೆಳಬೀದಿಯ ಕೊನೆಗೆ ಬರುವಷ್ಟರಲ್ಲಿ ಬೆರಳು ತಾಗಿಸಿದರೆ ‘ಡಬ್’ ಅನ್ನುತ್ತಿತ್ತು.

ಕೊನೆಯಲ್ಲಿದ್ದುದೇ ಅವನ ಹಳೆಯ ಒಂಬತ್ತಂತಸ್ತಿನ ಕಟ್ಟಡ. ಗುಡ್ಡಕ್ಕೆ ಒರಗಿಕೊಂಡ ಕಟ್ಟಡ ಅದು. ಕೆಳಗಿನ ಬಾಗಿಲು ಕೆಳಬೀದಿಗೆ, ನಾಲ್ಕನೇ ಮಹಡಿಯ ಹಿಂಬಾಗಿಲು ಮೇಲ್ಬೀದಿಗೆ. ಮೇಲ್ಬೀದಿ ದಾಟಿದರೆ ಕೆರೆ. ಸುತ್ತು ಹಾಕಿದರೆ ಎರಡು ಗಂಟೆ ನಡಿಗೆ, ಲಿಫ್ಟಿನಲ್ಲಿ ಹೋದರೆ ಒಂದು ನಿಮಿಷ. ಗಡಿಯಾರ ಐದಕ್ಕೆ ಕಾಲು ಗಂಟೆ ಕಮ್ಮಿ ತೋರಿಸುತ್ತಿತ್ತು.

ಲಿಫ್ಟಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದವಳು ಲಿಫ್ಟು ನಡೆಸುವ ಹೊಸ ಹೆಂಗಸು. ಲಿಫ್ಟಣ್ಣನೇ ಎರಡು ತಿಂಗಳು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿ ತಯಾರು ಮಾಡಿದ ಶಿಷ್ಯೆ. ಆಮೆಯ ಕೆಳಗಿನ ಚಪ್ಪಲಿ ನೋಡಿಯೇ ಗುರುತು ಹಿಡಿದು ಎದ್ದು ನಿಂತಳು.

“ಬನ್ನಿ ಗುರುಗಳೇ! ಚೆನ್ನಾಗಿದ್ದೀರಾ?”

“ಚೆನ್ನಾಗಿದ್ದೀನಮ್ಮ. ಬಾಗಿಲು ತೆಗಿ, ನಾಲ್ಕನೇ ಮಹಡಿ. ನೆಟ್ಟಗೆ ನಿಲ್ಲಿಸಿದ್ರೆ ಹಿಡಿಯುತ್ತೆ.”

ಅವಳು ಬಾಗಿಲು ತೆಗೆಯಲಿಲ್ಲ. ಮೆಲ್ಲಗೆ ಗೋಡೆಯ ಕಡೆ ಬೆರಳು ತೋರಿಸಿದಳು. ಅಲ್ಲೊಂದು ಬೋರ್ಡು. ‘ಮನುಷ್ಯರಿಗೆ ಲಿಫ್ಟು, ಸಾಮಾನಿಗೆ ಮೆಟ್ಟಿಲು.’ ಬರೆದವನು ಲಿಫ್ಟಣ್ಣನೇ, ಸ್ವಂತ ಕೈಯಿಂದ, ಕೆಂಪು ಬಣ್ಣದಲ್ಲಿ! ಆ ಬೋರ್ಡಿನ ಬಲದಿಂದ ಅವನು ಕಪಾಟು ತಡೆದಿದ್ದ, ಹಾಸಿಗೆ ತಡೆದಿದ್ದ, ಒಮ್ಮೆ ದೊಡ್ಡ ಸಾಹೇಬರ ಹೊಸ ಕುರ್ಚಿಯನ್ನೇ ತಡೆದು ಸಾಹೇಬರ ಕೈಯಲ್ಲೇ ಏಳು ಮಹಡಿ ಹೊರಿಸಿದ್ದ.

“ನಾನಮ್ಮ! ನಿನ್ನ ಗುರು!”

“ನೀವೇ ಹೇಳಿಕೊಟ್ಟಿದ್ದಲ್ವಾ ಗುರುಗಳೇ? ‘ಹೆತ್ತಪ್ಪ ಬಂದು ನಿಂತರೂ ನಿಯಮ ನಿಯಮವೇ’ ಅಂತ. ಗಾಳಿ ಬಿಟ್ಟು ಮಡಿಚಿ ತನ್ನಿ. ಮೊಣಕಾಲಿಗಿಂತ ಕೆಳಗಿರೋ ಚೀಲ, ಕೈಲಿ ಹಿಡಿಯೋ ಕೋಲು ಬಿಡಬಹುದು ಅಂತಲೂ ನೀವೇ ಹೇಳಿದ್ರಿ.”

ಲಿಫ್ಟಣ್ಣನಿಗೆ ಒಂದು ಕಣ್ಣಲ್ಲಿ ಹೆಮ್ಮೆ, ಇನ್ನೊಂದು ಕಣ್ಣಲ್ಲಿ ನೀರು. ಮಾಡಿದ್ದುಣ್ಣೋ ಮಹಾರಾಯ!

“ಪರೀಕ್ಷೆ ಮಾಡಿದ ಗಾಳಿ ನಾನು ಬಿಡಲ್ಲ. ಮೆಟ್ಟಿಲಲ್ಲೇ ಹೋಗ್ತೀನಿ!”

“ನಾನು ಮನುಷ್ಯಳು, ಲಿಫ್ಟಲ್ಲಿ ಹೋಗ್ತೀನಿ,” ಎಂದು ಹೆಂಡತಿ ಒಳಗೆ ನಡೆದಳು. ನಿಂತುಕೊಂಡು ಒಂದು ಮಾತು ಸೇರಿಸಿದಳು. “ಎರಡನೇ ತಿರುವು ಕಿರಿದಾಗಿದೆ, ಜೋಪಾನ. ಆ ಮೆಟ್ಟಿಲು ನಾನು ಒಂದು ಸಲ ಹತ್ತಿದ್ದೀನಿ.”

“ಯಾವಾಗ ಹತ್ತಿದೆ?”

ಬಾಗಿಲು ಮುಚ್ಚಿತು.

ಮೆಟ್ಟಿಲು ಹತ್ತುತ್ತಾ ಲಿಫ್ಟಣ್ಣ ಅದನ್ನೇ ಯೋಚಿಸಿದ. ಮೊದಲನೇ ತಿರುವಿನಲ್ಲಿ ನೆನಪಾಯಿತು. ಮದುವೆಯಾದ ಹೊಸದು. ಆರನೇ ಮಹಡಿಯಲ್ಲಿ ಕೆಲಸದವರು ಊಟಕ್ಕೆ ಕೂರುವ ಕೋಣೆ. ಬಿಸಿ ಊಟ ಮಾಡಲಿ ಅಂತ ಅವಳು ಡಬ್ಬಿ ಹಿಡಿದು ಬಂದಿದ್ದಳು, ಹೊಸ ಸೀರೆ ಉಟ್ಟು. ಲಿಫ್ಟಿನಲ್ಲಿ ಆಗಲೇ ಎಂಟು ಜನ. ಒಂಬತ್ತನೆಯವಳು ಇವಳು. ಎಲ್ಲರೆದುರು ದೊಡ್ಡಸ್ತಿಕೆ ತೋರಿಸಬೇಕಲ್ಲ, “ತುಂಬಿದೆ, ಮುಂದಿನ ಸರದಿಗೆ ಬನ್ನಿ!” ಎಂದು ಅವಳ ಮುಖಕ್ಕೇ ಬಾಗಿಲು ಹಾಕಿದ್ದ. ಅವಳು ಮುಂದಿನ ಸರದಿಗೆ ಕಾಯಲಿಲ್ಲ. ಆರು ಮಹಡಿ ಮೆಟ್ಟಿಲು ಹತ್ತಿ, ಡಬ್ಬಿ ಇಟ್ಟು, ಇಳಿದು ಹೋಗಿದ್ದಳು. ಆವತ್ತೂ ಏನೂ ಅನ್ನಲಿಲ್ಲ. ಆಮೇಲೂ ಅನ್ನಲಿಲ್ಲ. ಮತ್ತೆ ಈ ಕಟ್ಟಡಕ್ಕೆ ಕಾಲಿಡಲೂ ಇಲ್ಲ, ಇವತ್ತಿನವರೆಗೆ.

‘ಮರೆತಿರ್ತಾಳೆ’ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಎರಡನೇ ತಿರುವು ಬಂತು. ತೆಪ್ಪದ ಮೂತಿ ಗೋಡೆಗೆ, ಬಾಲ ಕಂಬಿಗೆ, ಹೊಟ್ಟೆ ಕಿಟಕಿಗೆ ಕಚ್ಚಿಕೊಂಡಿತು. ತಳ್ಳಿದ. ಎಳೆದ. ಬಗ್ಗಿ ಬೆನ್ನು ಕೊಟ್ಟ. ಊಹೂಂ! ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಿದ್ದೇ ಬಂತು. ಮೇಲಿನಿಂದ ತುಳಿದರೆ ಸಡಿಲವಾದೀತು ಅಂತ ಕಂಬಿ ಹಿಡಿದು ತೆಪ್ಪದೊಳಗೆ ಹತ್ತಿದ. ಆಗ ಗಂಟೆ ಐದು ಹೊಡೆಯಿತು.

ಐದು ಹೊಡೆದರೆ ಆ ಕಟ್ಟಡ ಕವುಚಿದ ಗೋಣಿಚೀಲ. ಎಲ್ಲ ಮಹಡಿಯಿಂದಲೂ ಜನ ಮೆಟ್ಟಿಲಿಗೆ ಸುರಿದರು. ಕೆಳಗಿನಿಂದ ಗುಡಿಸುವವರು ಬಕೆಟ್ಟು ಹಿಡಿದು ಹತ್ತಿ ಬಂದರು. ನಡುವೆ ಹಳದಿ ಅಣೆಕಟ್ಟು!

“ಯಾರ್ರೀ ಅದು, ಮೆಟ್ಟಿಲ ಮೇಲೆ ಮಂಚ ಹಾಕ್ಕೊಂಡಿರೋರು?”

“ಅಯ್ಯೋ, ನಮ್ಮ ಲಿಫ್ಟಣ್ಣ ಕಣ್ರೀ! ಲಿಫ್ಟಣ್ಣಾ, ಆ ಬಿರಡೆ ತೆಗೀರಿ!”

“ಆಗಲ್ಲ! ಇದು ಪರೀಕ್ಷೆ ಮಾಡಿದ ಗಾಳಿ!”

“ನಮ್ಮನೇಲೂ ಗಾಳಿ ಇದೆ ಮಾರಾಯ್ರೇ, ನಮ್ಮನ್ನ ಮನೆಗೆ ಹೋಗಕ್ಕೆ ಬಿಡಿ!”

“ನನ್ನ ಕುರ್ಚಿ ಹೊರಿಸಿದ್ರಲ್ಲ, ಈಗ ಗೊತ್ತಾಯ್ತಾ?” ಎಂದು ಮೇಲಿನಿಂದ ದೊಡ್ಡ ಸಾಹೇಬರ ದನಿ.

ಮೇಲಿನವರು ಕೆಳಕ್ಕೆ ತಳ್ಳಿದರು, ಕೆಳಗಿನವರು ಮೇಲಕ್ಕೆ ತಳ್ಳಿದರು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ತೆಪ್ಪ ಎಲ್ಲಿಗೂ ಹೋಗಲಿಲ್ಲ. ಆದರೆ ತೂಗತೊಡಗಿತು. ಅತ್ತ ಒಂದು ಸಲ, ಇತ್ತ ಒಂದು ಸಲ, ಹಗುರಾಗಿ. ಲಿಫ್ಟಣ್ಣ ಒಂದು ಗಳಿಗೆ ತಲೆ ಇಟ್ಟ. ಕಿಟಕಿಯಿಂದ ಸಂಜೆ ಬಿಸಿಲು ಬಂದು ಹಳದಿಯ ಮೇಲೆ ಹರಡಿತ್ತು. ಸಾಹೇಬರ ಬೈಗುಳ ದಡಕ್ಕೆ ಬಡಿಯುವ ಅಲೆಯಾಯಿತು. ಬಕೆಟ್ಟಿನ ನೀರು ತುಳುಕಿದ ಸದ್ದೂ ಸೇರಿಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಮೂವತ್ತನಾಲ್ಕು ವರ್ಷ ಬಯಸಿದ್ದು ಇದನ್ನೇ ಅಲ್ಲವೇ!

“ರೀ.”

ಕಣ್ಣು ಬಿಟ್ಟರೆ ಮೇಲಿನ ಮೆಟ್ಟಿಲಲ್ಲಿ ಹೆಂಡತಿ. ಜನ ದಾರಿ ಬಿಟ್ಟು ನಿಂತಿದ್ದರು.

“ಕಣ್ಣು ಮುಚ್ಕೊಳ್ಳಿ.”

“ಯಾಕೆ?”

“ಒಂಬತ್ತನೇ ಮಹಡಿ ನೆನೆಸ್ಕೊಳ್ಳಿ.”

ಅವನು ಮುಚ್ಚಿಕೊಂಡ. ಅವಳು ಬಗ್ಗಿ ಬಿರಡೆ ಕಿತ್ತಳು. ಸುಯ್ಯ್... ಎಂದು ಪರೀಕ್ಷೆ ಮಾಡಿದ ಗಾಳಿಯೆಲ್ಲ ನಿಟ್ಟುಸಿರಿನ ಹಾಗೆ ಹೊರಟಿತು. ಲಿಫ್ಟಣ್ಣ ಮೆಲ್ಲಗೆ, ತೀರಾ ಮೆಲ್ಲಗೆ ಕೆಳಗಿಳಿದ. ಅಷ್ಟು ನಯವಾಗಿ ಅವನು ಒಂದು ದಿನವೂ ಲಿಫ್ಟು ಇಳಿಸಿರಲಿಲ್ಲ. ಬೆನ್ನಿಗೆ ತಣ್ಣನೆ ಮೆಟ್ಟಿಲು ತಾಗಿದಾಗ ಕಣ್ಣು ಬಿಟ್ಟ. ಅವನನ್ನು ಪಕ್ಕಕ್ಕೆ ಸರಿಸಿ, ಹೆಂಡತಿ ತೆಪ್ಪವನ್ನು ಚಾಪೆಯ ಹಾಗೆ ಸುತ್ತಿ ಚೀಲಕ್ಕೆ ತುರುಕಿ ಆಗಿತ್ತು. ಮೂರನೇ ಮಹಡಿಯಲ್ಲಿ ಲಿಫ್ಟು ನಿಲ್ಲಿಸಿಕೊಂಡು ಕಾದಿದ್ದ ಶಿಷ್ಯೆ ಚೀಲವನ್ನು ಮೊಣಕಾಲಿಗೆ ಹಿಡಿದು ಅಳೆದು, “ಸರಿಯಾಗಿದೆ, ಬನ್ನಿ ಅಮ್ಮ,” ಎಂದು ಬಾಗಿಲು ತೆರೆದಳು.

ಲಿಫ್ಟಣ್ಣ ಏಳುವಷ್ಟರಲ್ಲಿ ಅಣೆಕಟ್ಟು ಒಡೆದ ಜನಪ್ರವಾಹ ನುಗ್ಗಿತು. ಆ ದಿನ ಅವನು ನಿಜವಾಗಿ ತೇಲಿದ್ದು ಅಂದರೆ ಅದರಲ್ಲೇ! ಕಾಲು ನೆಲಕ್ಕೆ ತಾಗಿದಾಗ ಮತ್ತೆ ಕೆಳಬೀದಿಯಲ್ಲಿದ್ದ. ಲಿಫ್ಟಿನ ಮುಂದೆ ಮಾರುದ್ದದ ಸಾಲು. ಇಂಗು ತಿಂದ ಮಂಗನ ಮುಖ ಹೊತ್ತು ನಾಲ್ಕು ಮಹಡಿ ಮತ್ತೆ ಹತ್ತಿದ. ಅದೇ ಮೆಟ್ಟಿಲು, ಬರಿಗೈಯಲ್ಲಿ. ‘ಅವತ್ತು ಅವಳ ಕೈಯಲ್ಲಿ ಡಬ್ಬಿ ಬೇರೆ ಇತ್ತು’ ಎಂದು ಮೂರನೇ ತಿರುವಿನಲ್ಲಿ ಏದುಸಿರು ಬಿಡುತ್ತಾ ಅಂದುಕೊಂಡ.

ಮೇಲ್ಬೀದಿ ದಾಟಿದಾಗ ಸೂರ್ಯ ನೀರಿಗೆ ಒಂದು ಗೇಣು ಮೇಲಿದ್ದ. ಕೆರೆ! ಹೆಬ್ಬೆರಳಿನಷ್ಟಲ್ಲ, ಕಣ್ಣು ತಿರುಗಿಸಿದಷ್ಟೂ ಕೆರೆ. ದಡದ ಕಲ್ಲಿನ ಮೇಲೆ ಕಾಲಿನಿಂದ ತುಳಿಯುವ ಪಂಪು ಕೂತಿತ್ತು. ನೀರಿನ ನಡುವೆ ಹಳದಿ ತೆಪ್ಪ. ತೆಪ್ಪದ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಳದ ಕೋಲು ಹಿಡಿದು, ಅವನ ಹೆಂಡತಿ. ಅವಳ ಮುಖದಲ್ಲಿ ಅವನು ಎಂದೂ ನೋಡದ ಒಂದು ಹತ್ತು ವರ್ಷದ ಹುಡುಗಿ ಕೂತಿದ್ದಳು. ನೋಡನೋಡುತ್ತಿದ್ದಂತೆ ಬೆಂಡು ಮುಳುಗಿತು, ಕೋಲು ಬಾಗಿತು, ಬೆಳ್ಳಿಯ ಚೂರೊಂದು ನೀರಿನಿಂದ ಹಾರಿ ಅವಳ ಕೈಗೆ ಬಂತು.

ಲಿಫ್ಟಣ್ಣ ಮೊಣಕಾಲವರೆಗೆ ನೀರಿಗಿಳಿದು ಕೂಗಿದ.

“ಲೇ! ಈಚೆಗೆ ಬಾರೇ! ನನ್ನನ್ನೂ ಹತ್ತಿಸ್ಕೊಳ್ಳೇ!”

ಅವಳು ಹುಟ್ಟು ಎತ್ತಲಿಲ್ಲ. ತಿರುಗಿಯೂ ನೋಡಲಿಲ್ಲ. ನೀರಿನ ಮೇಲೆ ಅವಳ ದನಿ ನುಣ್ಣಗೆ ಜಾರಿ ಬಂತು.

“ತುಂಬಿದೆ. ಮುಂದಿನ ಸರದಿಗೆ ಬನ್ನಿ!”

ಲಕ್ಷ ಸಲ ಆಡಿದ ಮಾತು ಅದು. ಬಾಗಿಲ ಹೊರಗೆ ನಿಂತು ಕೇಳಿದ್ದು ಮೊದಲ ಸಲ. ಲಿಫ್ಟಣ್ಣ ಹೋಗಿ ಪಂಪಿನ ಪಕ್ಕ ಕಲ್ಲಿನ ಮೇಲೆ ಕೂತ. ಈಗ ಮೆಟ್ಟಿಲು ಹತ್ತಿಕೊಂಡು ಹೋಗೋಣ ಅಂದರೆ ಕೆರೆಗೆ ಮೆಟ್ಟಿಲೂ ಇಲ್ಲ. ಸೂರ್ಯ ಮುಳುಗಿದ. ನೀರು ಕೆಂಪಾಯಿತು, ಆಮೇಲೆ ನೇರಳೆ. ಮೀನು ಅವಳು ಹಿಡಿದಿದ್ದಳು, ಇವನಲ್ಲ. ಕಿಟಕಿ ಇಲ್ಲದ ಗೋದಾಮು ಮೂಗಿನ ಮುಂದೆ ಬಂದು ನಿಂತಿತು.

ಚಳಕ್, ಚಳಕ್ ಎಂದು ಹುಟ್ಟಿನ ಸದ್ದು. ತೆಪ್ಪ ಮೆಲ್ಲಗೆ ಬಂದು ದಡಕ್ಕೆ ಮೂತಿ ತಾಗಿಸಿತು.

“ಹಿಡ್ಕೊಳ್ಳಿ,” ಎಂದು ಅವಳು ಒದ್ದಾಡುತ್ತಿದ್ದ ಮೀನನ್ನು ಅವನ ಅಂಗೈಗೆ ಹಾಕಿದಳು. ಆಮೇಲೆ ತನ್ನ ಕೈ ಚಾಚಿದಳು. “ಈಗ ನನ್ನ ಕೈಲಿಡಿ. ಬೇಗ, ದೀಪ ಹತ್ತೋ ಹೊತ್ತಾಯ್ತು!”

ಲಿಫ್ಟಣ್ಣ ಎರಡೂ ಕೈಯಿಂದ ಮೀನನ್ನು ಅವಳ ಕೈಲಿಟ್ಟ. ಹಿಂದೆ ಮೇಲ್ಬೀದಿಯ ಮೊದಲ ದೀಪ ಎರಡು ಸಲ ಮಿಟುಕಿ ಹತ್ತಿಕೊಂಡಿತು. ಗೋದಾಮಿನ ಮಾತನ್ನು ಅವಳು ಎತ್ತಲಿಲ್ಲ, ಅವನೂ ಎತ್ತಲಿಲ್ಲ.

“ಹತ್ತಿ. ಕತ್ತಲಾಗೋದ್ರೊಳಗೆ ಒಂದು ಸುತ್ತು ಹೋಗಿ ಬರೋಣ.”

ಅವನು ಒಂದು ಕಾಲು ಎತ್ತಿದ. ಹಳೇ ಅಭ್ಯಾಸ ಬಿಟ್ಟೀತೇ? ಎತ್ತಿದ ಕಾಲು ಹಾಗೇ ನಿಂತಿತು.

“ಅಲ್ಲ ಕಣೇ... ಈ ಗಾಳಿ ಪರೀಕ್ಷೆ ಆಗಿಲ್ವಲ್ಲೇ?”

ಹೆಂಡತಿ ತೆಪ್ಪದ ಬೆನ್ನು ತಟ್ಟಿದಳು.

“ನೀವು ಲೆಕ್ಕಕ್ಕಿಲ್ಲ ಅಂದ ಭಾರ ಇಷ್ಟು ಹೊತ್ತು ಇದರ ಮೇಲೇ ಕೂತಿತ್ತು. ಪಾಸ್! ಬಾಗಿಲಿಗೆ ಅಡ್ಡ ನಿಲ್ಬೇಡಿ, ಗೋಡೆ ಕಡೆ ಸರೀರಿ!”